ಓಡಿದಾಗಲೆಲ್ಲ ಅಡ್ರೆಸ್ ಬದಲಾಗುವ ಪ್ರೋಗ್ರಾಮ್: ಜಿಡಿಬಿಯೋ, ಎಲ್‌ಎಲ್‌ಡಿಬಿಯೋ?

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಗುವ ವೇಬ್ರಿಜ್‌ನಿಂದ ತೂಕ ಓದುವ ಸಣ್ಣ ಸಿ ಪ್ರೋಗ್ರಾಮನ್ನು ನಾನು ನೋಡಿಕೊಳ್ಳುತ್ತೇನೆ. ನುರಿಸುವ ಹಂಗಾಮು ಜೋರಾಗಿದ್ದಾಗಲೇ ಅದು ಕ್ರ್ಯಾಶ್ ಆಗತೊಡಗಿತು. ಕೈಗೆ ಸಿಕ್ಕಿದ್ದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆದಿಡುವ ಲಾಗಿನ ಒಂದು ಸಾಲು: ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ನಿಂತದ್ದು), ಇನ್‌ಸ್ಟ್ರಕ್ಷನ್ ಪಾಯಿಂಟರ್ (ಆಗ ಓಡುತ್ತಿದ್ದ ಕೋಡಿನ ವಿಳಾಸ) 564732811482, ಪ್ರೋಗ್ರಾಮಿನ ಹೆಸರಿನ ಪಕ್ಕದ ಬ್ರ್ಯಾಕೆಟ್ಟಿನಲ್ಲಿ 564732811000. (ಇಲ್ಲಿನ ಅಡ್ರೆಸ್‌ಗಳೆಲ್ಲ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿವೆ.) ಮುಂದಿನ ಸಲ ಬಂದ ಅಂಕಿಗಳೇ ಬೇರೆ. ಬಾಗಲಕೋಟೆಯಿಂದ ಜೊತೆಗೆ ಬಂದಿದ್ದ ಹುಡುಗ ಕೇಳಿದ: “ಸರ, ಪ್ರೋಗ್ರಾಮ್ ಅದ ಐತಿ, ಅಡ್ರೆಸ್ ಯಾಕ್ರೀ ಪ್ರತಿ ಸಲ ಬ್ಯಾರೆ ಬರತೈತಿ?”

ಕಾರಣ ಹಳೆಯದೇ. ಮೆಮೊರಿಯ ವಿಳಾಸಗಳನ್ನು ಯದ್ವಾತದ್ವಾ ಮಾಡುವ ವ್ಯವಸ್ಥೆ ಲಿನಕ್ಸ್ ಕರ್ನಲ್‌ಗೆ 2005ರಲ್ಲಿ, 2.6.12ನೇ ಆವೃತ್ತಿಯಲ್ಲಿ ಬಂತು. ಉಬುಂಟು 16.10, ಡೆಬಿಯನ್ 9ರ ಹೊತ್ತಿಗೆ ಮುಖ್ಯ ಪ್ರೋಗ್ರಾಮೂ ಎಲ್ಲಿ ಬೇಕಾದರೂ ಕೂರುವಂತೆ ಕಂಪೈಲ್ ಆಗುವುದೇ ರೂಢಿಯಾಯಿತು. ಹೀಗಾಗಿ ಫೈಲಿನೊಳಗಿನ ವಿಳಾಸ ಸೊನ್ನೆಯ ಹತ್ತಿರದಿಂದ ಶುರುವಾಗುತ್ತದೆ, ಓಡುವಾಗಿನ ವಿಳಾಸ ಎಲ್ಲೋ ದೂರದಲ್ಲಿರುತ್ತದೆ. ಇವೆರಡರ ನಡುವಿನ ಅಂತರವನ್ನು ಡೀಬಗರ್ (ಪ್ರೋಗ್ರಾಮಿನ ಒಳಗನ್ನು ನೋಡಿ ದೋಷ ಹುಡುಕುವ ಸಾಧನ) ಹೇಗೆ ನಿಭಾಯಿಸುತ್ತದೆ ಎಂಬುದನ್ನು ಇದೇ ಕೆಲಸದ ಮೇಲೆ ಜಿಡಿಬಿ, ಎಲ್‌ಎಲ್‌ಡಿಬಿ ಎಂಬ ಎರಡು ಡೀಬಗರ್‌ಗಳಲ್ಲೂ ನೋಡಿದೆ.

ಮೊದಲು ಕೈಲೆಕ್ಕ. ಬ್ರ್ಯಾಕೆಟ್ಟಿನ ಸಂಖ್ಯೆ ಪ್ರೋಗ್ರಾಮಿನ ಬುಡವಲ್ಲ, ಕೋಡ್ ಇರುವ ಭಾಗದ ಆರಂಭ. ಇನ್‌ಸ್ಟ್ರಕ್ಷನ್ ಪಾಯಿಂಟರ್‌ನಿಂದ ಅದನ್ನು ಕಳೆದರೆ 482 ಉಳಿಯುತ್ತದೆ. ನನ್ನ ಫೈಲಿನಲ್ಲಿ ಕೋಡ್ ಭಾಗ 1000ದಿಂದ ಶುರುವಾಗುವುದರಿಂದ ಅದನ್ನು ಕೂಡಿಸಿದರೆ ಸರಿಯಾದ ವಿಳಾಸ 1482. ಈ ಕೂಡಿಕೆ ಬಿಟ್ಟರೆ ಯಾವುದೋ ಸಂಬಂಧವಿಲ್ಲದ ಜಾಗಕ್ಕೆ ಹೋಗಿ ನಿಲ್ಲುತ್ತೀರಿ.

ಇನ್ನೂ ಓಡಿಸದ ಪ್ರೋಗ್ರಾಮನ್ನು ಜಿಡಿಬಿಯಲ್ಲಿ ತೆರೆದು ‘ಇನ್ಫೋ ಲೈನ್’ಗೆ 1482 ಕೊಟ್ಟರೆ ಸೋರ್ಸ್ ಕೋಡಿನ ಸಾಲು ತಕ್ಷಣ ಸಿಗುತ್ತದೆ. ಓಡಿಸಿದ ಮೇಲೆ ಅದೇ 1482 ಕೊಟ್ಟರೆ ಏನೂ ಸಿಗದು. ಆಗ 555555555482 ಎನ್ನಬೇಕು. ಜಿಡಿಬಿ ತಾನಾಗಿ ವಿಳಾಸಗಳ ಈ ಯಾದೃಚ್ಛಿಕತೆಯನ್ನು ನಿಲ್ಲಿಸುವುದರಿಂದ ಇಂಟೆಲ್ 64-ಬಿಟ್ ಲಿನಕ್ಸ್‌ನಲ್ಲಿ ಪ್ರೋಗ್ರಾಮ್ ಪ್ರತಿ ಸಲ 555555554000ಕ್ಕೇ ಬಂದು ಕೂರುತ್ತದೆ. ಫಂಕ್ಷನ್ ಹೆಸರಿಗೋ ಸಾಲಿಗೋ ಹಾಕಿದ ಬ್ರೇಕ್‌ಪಾಯಿಂಟನ್ನು (ಪ್ರೋಗ್ರಾಮ್ ಅಲ್ಲಿ ನಿಲ್ಲಲಿ ಎಂದು ಹಾಕುವ ಗುರುತು) ಅದು ತಾನೇ ಹೊಸ ಜಾಗಕ್ಕೆ ಒಯ್ಯುತ್ತದೆ. ಬರೀ ಸಂಖ್ಯೆಗೆ ಹಾಕಿದ್ದನ್ನು ಒಯ್ಯುವುದಿಲ್ಲ. ಆ ವಿಳಾಸದ ಮೆಮೊರಿ ಸಿಗುತ್ತಿಲ್ಲ ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಶುರುವಿನಲ್ಲೇ ನಿಲ್ಲಿಸುವ ‘ಸ್ಟಾರ್ಟ್‌ಐ’ ಕೊಟ್ಟು, ಪ್ರೋಗ್ರಾಮ್ ಎಲ್ಲಿ ಕೂತಿದೆ ಎಂದು ಮ್ಯಾಪಿಂಗ್‌ನಲ್ಲಿ ನೋಡಿ, ಕೂಡಿಸಿ, ಆಮೇಲೆ ಬ್ರೇಕ್‌ಪಾಯಿಂಟ್ ಹಾಕಬೇಕು. ದಿನಕ್ಕೆ ಹತ್ತು ಸಲ ಮಾಡಬೇಕಾದಾಗ ಇದು ನಿಜವಾಗಿಯೂ ತಲೆನೋವು.

ಎಲ್‌ಎಲ್‌ಡಿಬಿ ನನಗೆ ಹಿಡಿಸಿದ್ದು ಇಲ್ಲಿಯೇ. ಅದು ಫೈಲ್ ವಿಳಾಸ, ಲೋಡ್ ವಿಳಾಸ ಎಂದು ಮೊದಲಿನಿಂದಲೂ ಎರಡನ್ನು ಬೇರೆಯಾಗಿಯೇ ಇಟ್ಟುಕೊಂಡಿದೆ. ಬ್ರೇಕ್‌ಪಾಯಿಂಟ್ ಹಾಕುವಾಗ 1482ರ ಜೊತೆ ಮಾಡ್ಯೂಲಿನ (ಇಲ್ಲಿ ನಮ್ಮ ಪ್ರೋಗ್ರಾಮ್ ಫೈಲಿನ) ಹೆಸರನ್ನೂ ಕೊಟ್ಟರೆ ಅದನ್ನು ಫೈಲ್ ವಿಳಾಸವೆಂದೇ ತಿಳಿದು, ಪ್ರೋಗ್ರಾಮ್ ಎಲ್ಲಿ ಕೂತರೂ ಬೆನ್ನು ಹಿಡಿದು ಹೋಗುತ್ತದೆ. ‘ಟಾರ್ಗೆಟ್ ಮಾಡ್ಯೂಲ್ಸ್ ಲೋಡ್’ನಲ್ಲಿ ಸ್ಲೈಡ್ (ಎರಡು ವಿಳಾಸಗಳ ಅಂತರ; ನಮ್ಮಲ್ಲಿ 564732811482ರಿಂದ 1482 ಕಳೆದದ್ದು) 564732810000 ಎಂದು ಹೇಳಿಬಿಟ್ಟರೆ, ಏನನ್ನೂ ಓಡಿಸದೆ ಲಾಗಿನ ವಿಳಾಸವನ್ನೇ ‘ಇಮೇಜ್ ಲುಕಪ್’ಗೆ ನೇರವಾಗಿ ಕೊಡಬಹುದು. ಉತ್ತರದಲ್ಲಿ ಫೈಲ್ ವಿಳಾಸ, ಸೆಕ್ಷನ್, ಸೋರ್ಸ್ ಸಾಲು ಒಟ್ಟಿಗೇ ಬರುತ್ತವೆ. ಜಿಡಿಬಿಯಲ್ಲೂ ‘ಆ್ಯಡ್ ಸಿಂಬಲ್ ಫೈಲ್’ಗೆ ಆಫ್‌ಸೆಟ್ ಕೊಟ್ಟು ಹೆಚ್ಚುಕಡಿಮೆ ಇದನ್ನೇ ಮಾಡಬಹುದು, ಆದರೆ ಎರಡು ವಿಳಾಸಗಳನ್ನು ಒಟ್ಟಿಗೆ ಕಾಣುವ ಸುಖ ಅಲ್ಲಿಲ್ಲ. ನಮ್ಮ 1482 ತೋರಿಸಿದ್ದು ತೂಕದ ಸಾಲಿನಲ್ಲಿ ಅಲ್ಪವಿರಾಮ ಹುಡುಕುವ ಜಾಗವನ್ನು. ವೇಬ್ರಿಜ್‌ನ ತೂಕ ತೋರಿಸುವ ಇಂಡಿಕೇಟರ್ ಅರ್ಧ ಸಾಲು ಕಳಿಸಿದಾಗ ಅಲ್ಪವಿರಾಮ ಸಿಗದೆ ನಲ್ (ಎಲ್ಲಿಗೂ ತೋರಿಸದ) ಪಾಯಿಂಟರ್ ಬರುತ್ತಿತ್ತು.

ಕೋರ್ ಫೈಲ್ (ಕ್ರ್ಯಾಶ್ ಆದ ಹೊತ್ತಿನ ಮೆಮೊರಿಯ ಪ್ರತಿ) ಸಿಕ್ಕರೆ ಮಾತು ಬೇರೆ. ಅದರಲ್ಲಿ ಉಳಿದಿರುವ ಎಂಟ್ರಿ ವಿಳಾಸದಿಂದ (ಪ್ರೋಗ್ರಾಮ್ ಓಡಲು ಶುರುವಾಗುವ ಜಾಗ) ಫೈಲಿನ ಎಂಟ್ರಿ ವಿಳಾಸ ಕಳೆದು ಜಿಡಿಬಿ ಅಂತರವನ್ನು ತಾನೇ ಕಂಡುಹಿಡಿಯುತ್ತದೆ. ಅಲ್ಲಿ ನನಗೆ ಇವೆರಡರಲ್ಲಿ ಹೆಚ್ಚು ಕಡಿಮೆ ಕಾಣಲಿಲ್ಲ.

ಎರಡೂ ಯಾದೃಚ್ಛಿಕತೆಯನ್ನು ನಿಲ್ಲಿಸಿಯೇ ಪ್ರೋಗ್ರಾಮ್ ಓಡಿಸುತ್ತವೆ ಎಂಬುದನ್ನು ಮರೆಯಬೇಡಿ. ಬೆಲೆ ತುಂಬದ ಪಾಯಿಂಟರ್‌ನಂಥ ದೋಷ ಹೊರಗೆ ಕ್ರ್ಯಾಶ್ ಆಗಿ, ಡೀಬಗರ್ ಒಳಗೆ ಸುಮ್ಮನೆ ಓಡಿಬಿಡಬಹುದು. ಆಗ ಜಿಡಿಬಿಯಲ್ಲಿ ‘ಡಿಸೇಬಲ್ ರ‍್ಯಾಂಡಮೈಸೇಶನ್’ ಆಫ್ ಮಾಡಿ, ಎಲ್‌ಎಲ್‌ಡಿಬಿಯಲ್ಲೂ ಅದೇ ಥರದ ಸೆಟ್ಟಿಂಗ್ ಬದಲಿಸಿ ನೋಡಿ.

ಲಾಗಿನಿಂದ ಶುರುವಾಗುವ ಕೆಲಸಕ್ಕೆ ನಾನೀಗ ಎಲ್‌ಎಲ್‌ಡಿಬಿಯನ್ನೇ ತೆರೆಯುತ್ತೇನೆ. ಕಾರ್ಖಾನೆಯ ಹಳೆಯ ಯಂತ್ರದ ಮೇಲೆ ನೇರವಾಗಿ ನೋಡಬೇಕಾದರೆ ಜಿಡಿಬಿಸರ್ವರ್ (ನಮ್ಮ ಯಂತ್ರದ ಜಿಡಿಬಿಗಾಗಿ ಅಲ್ಲಿ ಓಡಿಸುವ ಸಹಾಯಕ ಪ್ರೋಗ್ರಾಮ್). ಚಿಕ್ಕದು, ಸುಲಭವಾಗಿ ಸಿಗುತ್ತದೆ. ಯಾವುದನ್ನು ಆರಿಸಿದರೂ ಅಲ್ಲಿ ಓಡುತ್ತಿರುವ ಬಿಲ್ಡ್‌ನ ಸ್ಟ್ರಿಪ್ ಮಾಡದ (ಹೆಸರು, ಸಾಲುಗಳ ಮಾಹಿತಿ ತೆಗೆಯದ) ಒಂದು ಪ್ರತಿ ನಿಮ್ಮ ಹತ್ತಿರ ಇರಬೇಕು, ಎರಡರ ಬಿಲ್ಡ್ ಐಡಿ (ಬಿಲ್ಡ್‌ನ ಗುರುತಿನ ಸಂಖ್ಯೆ) ಹೊಂದಬೇಕು. ಹೊಂದದಿದ್ದರೆ 1482 ಬೇರೆ ಸಾಲನ್ನು ತೋರಿಸುತ್ತದೆ.