ಕಲ್ಲಿನ ಗೋಡೆಯೋ, ಕಾಂಡ್ಲಾ ಗಿಡವೋ?

2008ರ ರಾಷ್ಟ್ರೀಯ ಹವಾಮಾನ ಕ್ರಿಯಾ ಯೋಜನೆಯ ಎಂಟು ಮಿಷನ್‌ಗಳಲ್ಲಿ ಹಸಿರು ಭಾರತವೂ ಒಂದು. ಅದು ನಮ್ಮ ಕರಾವಳಿಯ ಪಂಚಾಯ್ತಿಗೆ ಇಳಿದಾಗ ಪ್ರಶ್ನೆ ಇಷ್ಟೇ: ಕೊರೆತ ತಡೆಯಲು ದಡಕ್ಕೆ ಕಲ್ಲು ಹಾಕೋದೋ, ಗಿಡ ನೆಡೋದೋ?

ಮೊದಲು ಜಾಗ ನೋಡಿ. ಕಾರವಾರದ ಕಾಳಿ, ಕುಮಟಾದ ಅಘನಾಶಿನಿಯಂಥ ಅಳಿವೆಯ ಕೆಸರಾದರೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾವೇ (ಮ್ಯಾಂಗ್ರೋವ್) ಸರಿ. ಮರದಲ್ಲೇ ಮೊಳೆತು ಕೋಲಿನಂತೆ ನೇತಾಡುವ ಬೀಜವನ್ನು ನೀರಿಳಿದಾಗ ಕೆಸರಿಗೆ ಚುಚ್ಚಿದರಾಯ್ತು. ಖರ್ಚು ಕಡಿಮೆ, ಬೇರಿನ ಸಂದಿಯಲ್ಲಿ ಏಡಿ, ಸಿಗಡಿ ಮರಿಗಳಿಗೆ ಆಸರೆ. ಆದರೆ ದಡ ಹಿಡಿಯಲು ವರ್ಷಗಳೇ ಬೇಕು. ಮಳೆಗಾಲದಲ್ಲಿ ಕೊಚ್ಚಿಹೋದದ್ದನ್ನು ಮತ್ತೆ ನೆಡುವ ತಾಳ್ಮೆ ಇದ್ದರೆ ಮಾತ್ರ ಕೈಹಾಕಿ.

ತೆರೆ ನೇರ ಬಡಿಯುವ ಮರಳದಂಡೆಯಲ್ಲಿ ಅದು ನಿಲ್ಲದು. ನೀರು ಹಿತ್ತಿಲಿಗೇ ಬಂದಿದ್ದರೆ ಕಲ್ಲೇ ಗತಿ. ಆದರೆ ಗೋಡೆ ಮುಗಿದಲ್ಲಿಂದ ಕೊರೆತ ಪಕ್ಕದ ಕೇರಿಗೆ ಸರಿಯುತ್ತದೆ. ದೋಣಿ ಎಳೆಯಲೂ ಜಾಗ ಉಳಿಯದು.