ಬಳ್ಳಾರಿಯ ಬಿಸಿಲಿನಲ್ಲಿ 7.6 ವೋಲ್ಟಿನ ಎಚ್‌ವಿ ಲಿಪೊ: ಎರಡು ಬೇಸಿಗೆಗಳ ಬಳಕೆಯ ನಂತರ

ರಿಮೋಟಿನಿಂದ ಓಡಿಸುವ 1/10 ಅಳತೆಯ ಎಲೆಕ್ಟ್ರಿಕ್ ಆರ್‌ಸಿ ಬಗ್ಗಿಯಲ್ಲಿ ನಾನು ಬಳಸುತ್ತಿರುವುದು ಎರಡು ಸೆಲ್‌ಗಳ, ಗಟ್ಟಿ ಕವಚದ, ಹೆಸರಿಗೆ 7.6 ವೋಲ್ಟಿನ ಎಚ್‌ವಿ (ಹೈ ವೋಲ್ಟೇಜ್) ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಯ, ಶಾರ್ಟಿ (ಗಿಡ್ಡ) ಪ್ಯಾಕ್‌ಗಳನ್ನು. ಅಭ್ಯಾಸ ನಡೆಯುವುದು ಬಳ್ಳಾರಿಯ ಹೊರವಲಯದ ಗಟ್ಟಿ ಕೆಂಪು ನೆಲದಲ್ಲಿ. ಸ್ಪರ್ಧೆಗೆಂದು ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾಗುತ್ತದೆ. ಈ ಪ್ಯಾಕ್‌ಗಳಿಗೆ ನಾನು ಕೊಟ್ಟ ಬೆಲೆ ಸಾಧಾರಣ ಲಿಪೊಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಆ ಹಣ ವ್ಯರ್ಥವಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ಕಾರಣಕ್ಕಾಗಿ ಅಲ್ಲ.

ಸಾಧಾರಣ ಲಿಪೊ ಸೆಲ್ಲನ್ನು 4.20 ವೋಲ್ಟಿನವರೆಗೆ ಚಾರ್ಜ್ ಮಾಡಬಹುದು, ಎಚ್‌ವಿ ಸೆಲ್ಲನ್ನು 4.35ರವರೆಗೆ. ಎರಡು ಸೆಲ್ ಸೇರಿದರೆ ಒಂದು 8.40, ಇನ್ನೊಂದು 8.70. ವ್ಯತ್ಯಾಸ ಸುಮಾರು ಶೇ 3.5, ಭಾರವಿಲ್ಲದೆ ತಿರುಗುವ ಮೋಟಾರಿನ ವೇಗವೂ ಅಷ್ಟೇ ಏರುತ್ತದೆ. ಇದನ್ನು ಓದಿದ ಹೊಸಬರು ತಮ್ಮ ಗಾಡಿ ಎಲ್ಲರಿಗಿಂತ ಮುಂದೆ ಹೋಗಿಬಿಡುತ್ತದೆ ಎಂದು ಲೆಕ್ಕ ಹಾಕುವುದು ಸಹಜ. ಆದರೆ ವಿಶ್ವ ಚಾಂಪಿಯನ್‌ಷಿಪ್ ನಡೆಸುವ ಇಫ್ಮಾರ್‌ನ ನಿಯಮಗಳನ್ನು ಮಾದರಿಯಾಗಿಟ್ಟುಕೊಂಡ ಸ್ಪರ್ಧೆಗಳಲ್ಲಿ ಪ್ಯಾಕ್ ಯಾವುದೇ ಇರಲಿ, ಮಿತಿ 8.40 ವೋಲ್ಟ್. ಟ್ರ್ಯಾಕಿಗೆ ಇಳಿಯುವ ಮೊದಲು ಮೀಟರ್ ಹಿಡಿದು ನೋಡುತ್ತಾರೆ. ಹೆಚ್ಚಿದ್ದರೆ ಆ ಓಟ ಲೆಕ್ಕಕ್ಕಿಲ್ಲ. ಅಂದರೆ ಯಾವ 0.30 ವೋಲ್ಟಿಗಾಗಿ ನಾವು ಹೆಚ್ಚು ಹಣ ಕೊಟ್ಟೆವೋ ಅದನ್ನು ಸ್ಪರ್ಧೆಯ ದಿನ ಮುಟ್ಟುವಂತೆಯೇ ಇಲ್ಲ.

ಹಾಗಿದ್ದೂ ಗೆಲ್ಲುವವರ ಗಾಡಿಗಳಲ್ಲಿ ಈ ಪ್ಯಾಕ್‌ಗಳೇ ಕಾಣುತ್ತವೆ ಎಂದರೆ ಕಾರಣ ಬೇರೆಯೇ ಇದೆ. ರೇಸಿಂಗ್‌ಗೆಂದೇ ಈಚೆಗೆ ತಯಾರಾಗುತ್ತಿರುವ ಎಚ್‌ವಿ ಸೆಲ್‌ಗಳ ಆಂತರಿಕ ರೋಧ ಬಹಳ ಕಡಿಮೆ. ಒಂದು ಲೆಕ್ಕ ನೋಡಿ. ತಿರುವಿನಿಂದ ಹೊರಬಂದು ಪೂರ್ತಿ ಥ್ರಾಟಲ್ ಒತ್ತಿದಾಗ ಕ್ಷಣಕಾಲ 60 ಆಂಪಿಯರ್ ಹರಿಯಿತು ಎಂದಿಟ್ಟುಕೊಳ್ಳೋಣ. ಸೆಲ್ಲಿಗೆ 4 ಮಿಲಿ ಓಮ್ ಇರುವ ಹಳೆಯ ಪ್ಯಾಕಿನಲ್ಲಿ ಎರಡೂ ಸೆಲ್ ಸೇರಿ 0.48 ವೋಲ್ಟ್ ಒಳಗೇ ಬಿದ್ದುಹೋಗುತ್ತದೆ; ಸೆಲ್ಲಿಗೆ 2 ಮಿಲಿ ಓಮ್ ಇರುವ ಪ್ಯಾಕಿನಲ್ಲಿ 0.24 ಮಾತ್ರ. ಉಳಿದ ಕಾಲು ವೋಲ್ಟ್ ಮೋಟಾರಿಗೆ ಸಿಗುತ್ತದೆ. 8.70ರ ಮೇಲುಗೈ ಮೊದಲ ಕೆಲವು ಸುತ್ತುಗಳಲ್ಲೇ ಕರಗಿಹೋಗುತ್ತದೆ, ಈ ಕಾಲು ವೋಲ್ಟಾದರೋ ಐದು ನಿಮಿಷದ ಓಟದ ಪ್ರತಿ ತಿರುವಿನಲ್ಲೂ ಜೊತೆಗಿರುತ್ತದೆ. ಕೊನೆಯ ನಿಮಿಷದಲ್ಲಿ ಜಿಗಿತದ ದಿಬ್ಬಕ್ಕೆ ಗಾಡಿ ಮೊದಲಿನಷ್ಟೇ ಚುರುಕಾಗಿ ಏರುವುದನ್ನು ನೋಡಿದವರಿಗೆ ಮೀಟರಿನ ಅಗತ್ಯವಿಲ್ಲ.

ಆದ್ದರಿಂದ ಪ್ಯಾಕ್ ಕೊಳ್ಳುವಾಗ ಸಿ ರೇಟಿಂಗನ್ನು (ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿಯನ್ನು) ನಾನು ನೋಡುವುದೇ ಇಲ್ಲ. 4000 ಎಂಎಎಚ್ (ಮಿಲಿ ಆಂಪಿಯರ್ ಅವರ್, ಅಂದರೆ 4 ಆಂಪಿಯರ್ ಅವರ್) ಪ್ಯಾಕಿನ ಮೇಲೆ 120ಸಿ ಎಂದಿದ್ದರೆ ಅದು 480 ಆಂಪಿಯರ್ ಕೊಡಬೇಕು. ಅದಕ್ಕೆ ಬೆಸುಗೆ ಹಾಕಿರುವ ವೈರು ಅಷ್ಟನ್ನು ಹೊರುವುದಿರಲಿ, ಹೊರಲು ಹೋದರೆ ಕರಗಿಯೇ ಹೋದೀತು. ಎಂಎಎಚ್ ಅಂಕಿಯನ್ನೂ ಸ್ವಲ್ಪ ತಗ್ಗಿಸಿಯೇ ಓದಬೇಕು, ಏಕೆಂದರೆ ಎಚ್‌ವಿ ಪ್ಯಾಕಿನ ಸಾಮರ್ಥ್ಯವನ್ನು 4.35 ವೋಲ್ಟಿಗೆ ಅಳೆದಿರುತ್ತಾರೆ, 4.20ಕ್ಕೆ ನಿಲ್ಲಿಸಿದರೆ ಸುಮಾರು ಹತ್ತರಲ್ಲಿ ಒಂದು ಪಾಲು ತುಂಬುವುದೇ ಇಲ್ಲ. ಸ್ಟಾಕ್ ವರ್ಗದ (ಮೋಟಾರಿನ ಶಕ್ತಿಗೆ ಮಿತಿ ಇರುವ ಸ್ಪರ್ಧೆಯ) ಐದು ನಿಮಿಷಕ್ಕೆ ಅದರಿಂದ ಏನೂ ಕೊರತೆಯಾಗದು. ಉದ್ದನೆಯ ಪ್ಯಾಕಿಗಿಂತ ಶಾರ್ಟಿ ಸುಮಾರು ನೂರು ಗ್ರಾಂ ಹಗುರವಾಗಿರುವುದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ನಮ್ಮ ಕಡೆಯವರಿಗೆ ನಿಜವಾದ ಪರೀಕ್ಷೆ ಬಿಸಿಲು. ಚಳಿ ದೇಶಗಳ ರೇಸರ್‌ಗಳು ಓಟಕ್ಕೆ ಮುಂಚೆ ಪ್ಯಾಕನ್ನು ಬಿಸಿಮಾಡುವ ಚೀಲದಲ್ಲಿ ಇಡುತ್ತಾರೆ, ಏಕೆಂದರೆ ಬೆಚ್ಚಗಿನ ಸೆಲ್ಲಿನ ರೋಧ ಕಡಿಮೆ. ಮೇ ತಿಂಗಳ ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಆ ಸೇವೆ ಉಚಿತ! 40 ಡಿಗ್ರಿ ದಾಟಿದ ಮಧ್ಯಾಹ್ನ ಅಳೆದರೆ ನನ್ನ ಪ್ಯಾಕ್‌ಗಳ ಅಂಕಿಗಳು ಜನವರಿಯ ಬೆಳಗಿಗಿಂತ ಎಷ್ಟೋ ಚೆನ್ನಾಗಿ ಕಾಣುತ್ತವೆ. ಅದನ್ನು ನೋಡಿ ಪ್ಯಾಕ್ ಇನ್ನೂ ಹೊಸದಾಗಿಯೇ ಇದೆ ಎಂದು ನಂಬಬಾರದು. ಅದೇ ಚಾರ್ಜರ್, ಅಷ್ಟೇ ಚಾರ್ಜ್, ಹೆಚ್ಚುಕಡಿಮೆ ಅದೇ ಉಷ್ಣಾಂಶ ಇದ್ದಾಗ ಮಾತ್ರ ಈ ತಿಂಗಳ ಅಂಕಿಯನ್ನು ಹೋದ ತಿಂಗಳಿನದರ ಜೊತೆ ಹೋಲಿಸಬಹುದು. ಓಟ ಮುಗಿಸಿ ಬಂದ ಪ್ಯಾಕನ್ನು ಆರದೆ ಮತ್ತೆ ಚಾರ್ಜಿಗೆ ಹಾಕುವುದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದು, ಇವೆರಡೂ ಈ ಹವೆಯಲ್ಲಿ ಸಲ್ಲವು. ಸೆಲ್ 60 ಡಿಗ್ರಿಯ ಆಸುಪಾಸಿಗೆ ಹೋದರೆ ಒಳಗಿನ ದ್ರಾವಣ ಕೆಟ್ಟು ಅನಿಲ ಹುಟ್ಟುತ್ತದೆ, ಮತ್ತು ಸೆಲ್ ಪೂರ್ತಿ ತುಂಬಿದ್ದಷ್ಟೂ ಆ ಹಾನಿ ಬೇಗ. ನಾನು ಪ್ಯಾಕ್‌ಗಳನ್ನು ಒಯ್ಯುವುದು ಊಟದ ಡಬ್ಬಿಗೆಂದು ಮಾರುವ, ಒಳಗೆ ಬೆಳ್ಳಿ ಬಣ್ಣದ ಹಾಳೆ ಇರುವ ಚೀಲದಲ್ಲಿ. ಮನೆಗೆ ಬಂದ ಸಂಜೆಯೇ ಸೆಲ್ಲಿಗೆ 3.80ರಿಂದ 3.85 ವೋಲ್ಟಿಗೆ ತಂದು ಎತ್ತಿಡುತ್ತೇನೆ.

ಒಂದು ಪ್ಯಾಕನ್ನು ಮಾತ್ರ ಬೇಕೆಂದೇ ಅಭ್ಯಾಸಕ್ಕೆ ಮೀಸಲಿಟ್ಟು, ಮೊದಲಿನಿಂದಲೂ 8.70ಕ್ಕೆ ಚಾರ್ಜ್ ಮಾಡಿಕೊಂಡು ಬಂದೆ. ಒಟ್ಟಿಗೆ ಕೊಂಡ ಉಳಿದವು 8.40ರಲ್ಲೇ ಇದ್ದವು. ಎರಡನೆಯ ಬೇಸಿಗೆಯ ಹೊತ್ತಿಗೆ ಆ ಪ್ಯಾಕಿನ ರೋಧ ಹೊಸದಿದ್ದಾಗಿನ ದುಪ್ಪಟ್ಟಾಗಿತ್ತು. ಕವಚದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡಲಾಗಿಟ್ಟರೆ ನಡುಭಾಗದಲ್ಲಿ ಕೂತು ಎರಡೂ ತುದಿಗಳು ತೂಗಾಡುತ್ತಿದ್ದವು. ಉಳಿದವುಗಳ ಮೇಲೆ ಸ್ಕೇಲ್ ಈಗಲೂ ಸಮವಾಗಿ ಕೂರುತ್ತದೆ. 4.35ನ್ನು ತಾಳುವಂತೆ ಮಾಡಿದ ಸೆಲ್ 4.20ರಲ್ಲಿ ತನ್ನ ಮಿತಿಯ ಒಳಗೇ ದುಡಿಯುತ್ತದೆ. ಹೆಚ್ಚು ಕೊಟ್ಟ ಹಣ ಹಿಂದಿರುಗುವುದು ಈ ಆಯಸ್ಸಿನಲ್ಲಿಯೇ. ಊದಿದ ಆ ಪ್ಯಾಕನ್ನು ಮತ್ತೆ ಗಾಡಿಗೆ ಹಾಕಿಲ್ಲ. ಇಲ್ಲಿಯೇ ಇನ್ನೊಂದು ಎಚ್ಚರಿಕೆ: ಚಾರ್ಜರಿನ ಎಚ್‌ವಿ ವಿಧಾನದಲ್ಲಿ ಸಾಧಾರಣ ಲಿಪೊ ಹಾಕಿದರೆ ಬೆಂಕಿಯ ಅಪಾಯವಿದೆ. ಎರಡೂ ಬಗೆಯವನ್ನು ಇಟ್ಟುಕೊಂಡವರು ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಲೇಬೇಕು.

ಧೂಳಿನ ವಿಷಯವನ್ನೂ ಹೇಳಬೇಕು. ಅದಿರಿನ ಲಾರಿಗಳು ಓಡಾಡುವ ಈ ಸೀಮೆಯ ಕೆಂಪು ಧೂಳು ವೈರಿನ ಪಿನ್ ಸಿಕ್ಕಿಸುವ ಪ್ಯಾಕಿನ ಬುಲೆಟ್ ಸಾಕೆಟ್ಟುಗಳೊಳಗೆ ಹಿಟ್ಟಿನಂತೆ ಹೋಗಿ ಕೂರುತ್ತದೆ. ಸಂಪರ್ಕ ಸಡಿಲವಾದಲ್ಲಿ ಬಿಸಿ ಹೆಚ್ಚಿ, ಚಿನ್ನದ ಲೇಪದ ಪಿನ್ನಿನ ತುದಿ ಕಂದು ಬಣ್ಣಕ್ಕೆ ತಿರುಗುತ್ತದೆ. 2 ಮಿಲಿ ಓಮ್ ಸೆಲ್ಲಿಗೆ ದುಬಾರಿ ಬೆಲೆ ಕೊಟ್ಟು, ಪಿನ್ನಿನಲ್ಲಿ ಅಷ್ಟನ್ನೇ ಕಳೆದುಕೊಂಡರೆ ಏನು ಬಂತು? ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಪ್ರತಿ ದಿನದ ಓಟದ ಕೊನೆಗೆ ಒರೆಸಿದರೆ ಸಾಕು.

ತರಿಸಿಕೊಳ್ಳುವವರಿಗೆ ಒಂದು ಮಾತು. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು (ಲಿಪೊ ಸಹ ಆ ಬಗೆಯದೇ) 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವಂತಿಲ್ಲ. ಸರಕು ವಿಮಾನದಲ್ಲಿಯೂ ಚಾರ್ಜ್ ಶೇ 30 ಮೀರುವಂತಿಲ್ಲ. ಹೀಗಾಗಿ ಹೊರದೇಶದ ಪ್ಯಾಕ್ ಬರುವುದು ನಿಧಾನ, ಕೆಲವು ಅಂಗಡಿಯ ಕಪಾಟಿನಲ್ಲಿ ಬಹಳ ಕಾಲ ಕೂತಿರುತ್ತವೆ. ನಾನು ತಯಾರಾದ ತಿಂಗಳು ಕೇಳಿ, ಉತ್ತರ ಬಂದ ಮೇಲೆಯೇ ಹಣ ಕಳಿಸುತ್ತೇನೆ. ಪೆಟ್ಟಿಗೆ ತೆರೆದ ಕೂಡಲೇ, ಚಾರ್ಜ್ ಮಾಡುವ ಮೊದಲು, ಬ್ಯಾಲೆನ್ಸ್ ವೈರಿನಲ್ಲಿ ಎರಡೂ ಸೆಲ್‌ಗಳ ವೋಲ್ಟೇಜ್ ನೋಡಿ ಫೋಟೊ ತೆಗೆದಿಡುತ್ತೇನೆ. ಎರಡರ ನಡುವೆ 0.02 ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ಪ್ಯಾಕ್ ಅದೇ ಪೆಟ್ಟಿಗೆಯಲ್ಲಿ ವಾಪಸ್ಸು ಹೋಗುತ್ತದೆ.