ಹರಿಗೋಲಿನಲ್ಲಿ ಹಕ್ಕಿ ನೋಡಲು ಹೋಗುವ ಮುಂಚೆ ಇದನ್ನು ಓದಿ

ನಿನ್ನೆ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಅದೇ ಜಾಹೀರಾತು ಮತ್ತೆ ಬಂತು. 'ಆಫ್ರಿಕಾದಂಥ ಸಫಾರಿ, ನಮ್ಮ ಯಾದಗಿರಿಯಲ್ಲೇ! ಹರಿಗೋಲಿನಲ್ಲಿ ಕೂತು ಹಕ್ಕಿಗಳನ್ನು ತೀರಾ ಹತ್ತಿರದಿಂದ ನೋಡಿ.' ಹೋದ ಜನವರಿಯಲ್ಲಿ ನಾನೂ ಇದನ್ನೇ ನಂಬಿ ಹೋಗಿದ್ದೆ. ಜೊತೆಗೆ 11 ವರ್ಷದ ಅಕ್ಕನ ಮಗ. ಹಕ್ಕಿ ಅಂದರೆ ಅವನಿಗೆ ಜೀವ.

ಆಫ್ರಿಕಾ ಅಂದಿದ್ದಕ್ಕೇ ನಾವು ಮರುಳಾದದ್ದು. ಬೋಟ್ಸ್ವಾನಾದ ಒಕವಾಂಗೊ ಜೌಗಿನ ವಿಡಿಯೋಗಳನ್ನು ಇಬ್ಬರೂ ಎಷ್ಟೋ ಸಲ ನೋಡಿದ್ದೆವು. ಅಲ್ಲಿ ಮೊಕೊರೊ ಅನ್ನುವ ಉದ್ದನೆಯ ದೋಣಿ ಇದೆ. ಒಂದೇ ಮರದ ದಿಮ್ಮಿ ಕೊರೆದು ಮಾಡುತ್ತಿದ್ದರು. ದೊಡ್ಡ ಮರಗಳು ಉಳಿಯಲಿ ಅಂತ ಈಗ ಫೈಬರ್‌ನವೂ ಬಂದಿವೆ. ಅಂಬಿಗ ಹಿಂದೆ ನಿಂತು ಗಳ ಊರಿ ತಳ್ಳುತ್ತಾನೆ. ಎಂಜಿನ್ ಇಲ್ಲ, ಸದ್ದಿಲ್ಲ. ನೀರಾನೆ ಎಲ್ಲಿ ಓಡಾಡುತ್ತದೆ ಅಂತ ಅವನಿಗೆ ಗೊತ್ತು, ಆ ದಾರಿ ಬಿಟ್ಟು ಹೋಗುತ್ತಾನೆ. ನಾವು ಅಂದುಕೊಂಡು ಹೋದದ್ದು ಇದನ್ನೇ.

ಶಹಾಪುರ ದಾಟಿ ಅವರು ಹೇಳಿದ ಕೆರೆಗೆ ಮುಟ್ಟಿದಾಗ ಬಿಸಿಲೇರಿತ್ತು. ನಾಲ್ಕು ಜನ ಕೂರಬಹುದಾದ ಹರಿಗೋಲಿಗೆ ಆರು ಜನರನ್ನು ಹತ್ತಿಸಿದರು. ಹುಟ್ಟು ಹಾಕಲು ಒಬ್ಬ ಚಿಕ್ಕ ಹುಡುಗ. ಲೈಫ್ ಜಾಕೆಟ್ ಎಲ್ಲಿ ಅಂತ ಕೇಳಿದೆ. 'ಸೊಂಟದ ಮಟ ನೀರು ಸರ್, ಯಾಕೆ ಬೇಕು?' ಅಂದ ಆಯೋಜಕ. ಅಲ್ಲೇ ಇಳಿದುಬಿಡಬೇಕಿತ್ತು. ಅಕ್ಕನ ಮಗನ ಮುಖ ನೋಡಿ ಸುಮ್ನೆ ಕೂತೆ.

ದೂರದಲ್ಲಿ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಹಿಂಡು. ಇವು ಹಿಮಾಲಯ ದಾಟಿ ನಮ್ಮ ಕಡೆ ಚಳಿಗಾಲ ಕಳೆಯಲು ಬರುತ್ತವೆ. ರಾತ್ರಿ ಹೊಲಗಳಲ್ಲಿ ಮೇಯುತ್ತವೆ, ಹಗಲು ನೀರಿನ ಹತ್ತಿರ ದಣಿವಾರಿಸಿಕೊಳ್ಳುತ್ತವೆ. ಹರಿಗೋಲು ಸೀದಾ ಅವುಗಳ ನಡುವೆ ಹೋಯಿತು. ಹಾರುವ ಫೋಟೋ ಸಿಗಲಿ ಅಂತ ಆಯೋಜಕ ಚಪ್ಪಾಳೆ ತಟ್ಟಿದ. ಅವು ಎದ್ದು ಇನ್ನೊಂದು ಕಡೆ ಇಳಿದವು. ಅಲ್ಲಿಗೂ ಹೋದೆವು. ಮತ್ತೆ ಎಬ್ಬಿಸಿದ. ಹೀಗೆ ಮೂರು ಸಲ. 'ಮಾಮಾ, ಅವಕ್ಕೆ ಮಲಗಾಕ ಬಿಡವಲ್ಲರಲ್ಲ' ಅಂದ ನನ್ನ ಅಳಿಯ. ನನಗೆ ಈಗಲೂ ಆ ಮಾತೇ ಚುಚ್ಚುತ್ತದೆ. ವಾಪಸ್ ಹೋಗುವಾಗ ಮತ್ತೆ ಹಿಮಾಲಯ ದಾಟಬೇಕಾದ ಹಕ್ಕಿಗಳವು. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅವುಗಳ ಬುತ್ತಿ. ನಮ್ಮ ಫೋಟೋಕ್ಕಾಗಿ ಅದನ್ನು ಕರಗಿಸಿದೆವು.

ಆಮೇಲೆ ಜೊಂಡಿನ ಹತ್ತಿರ ಒಂದು ಜಂಬುಕೋಳಿ ಕಂಡಿತು. ಮೂವರು ಒಮ್ಮೆಲೇ ಎದ್ದು ಒಂದೇ ಕಡೆ ವಾಲಿದರು. ಹರಿಗೋಲು ಬುಟ್ಟಿಯ ಹಾಗೆ ದುಂಡಗೆ, ತಳ ಚಪ್ಪಟೆ. ಭಾರ ಒಂದು ಬದಿಗೆ ಬಿದ್ದರೆ ಅಂಚು ನೀರಿಗಿಳಿಯುತ್ತದೆ. ನೀರು ನುಗ್ಗಿತು, ನನ್ನ ಅಳಿಯ ಹೊರಗೆ ಬಿದ್ದ.

ನೀರು ನಿಜವಾಗಿಯೂ ಸೊಂಟದ ಮಟವೇ ಇತ್ತು. ಆದರೆ ಅದು ದೊಡ್ಡವರ ಸೊಂಟ. ಅದರ ಕೆಳಗೆ ರಾಡಿ. ನಾನು ಹಾರಿದೆ, ಮೊಣಕಾಲ ತನಕ ಹೂತುಹೋದೆ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತದೆ. ಹುಡುಗನ ಕಾಲಿಗೆ ಜೊಂಡಿನ ಬೇರು ಸುತ್ತಿತ್ತು. ಆ ಕಡೆ ಬಲೆ ಎತ್ತುತ್ತಿದ್ದ ಮೀನುಗಾರರೊಬ್ಬರು ತಮ್ಮ ತೆಪ್ಪ ತಂದು ಗಳ ಚಾಚಿದರು. 'ಅಣ್ಣಾರ, ನಿಂದ್ರಬ್ಯಾಡ್ರಿ, ನೀರಿನ ಮ್ಯಾಲೆ ಮಕ್ಕೋರ್ರಿ! ತಮ್ಮಾ, ಗಳ ಹಿಡಿ, ಒದರಬ್ಯಾಡ' ಅಂದರು. ಮೈ ಚಾಚಿದ ಮೇಲೆಯೇ ಕಾಲು ಬಿಟ್ಟಿತು. ಅವರು ಇರದಿದ್ದರೆ? ಆ ಯೋಚನೆ ಬಂದ ರಾತ್ರಿ ನಿದ್ದೆ ಬರುವುದಿಲ್ಲ.

ದುಡ್ಡು ವಾಪಸ್ ಬರಲಿಲ್ಲ, ನನ್ನ ನಂಬರ್ ಬ್ಲಾಕ್ ಆಯಿತು. ಅದು ಹೋಗಲಿ.

ದಯವಿಟ್ಟು ಮಕ್ಕಳನ್ನು ಕರೆದುಕೊಂಡು ಹೀಗೆ ಹೋಗಬೇಡಿ. ಹೋಗಲೇಬೇಕೆಂದರೆ ಆ ನೀರಿನಲ್ಲೇ ದಿನಾ ಮೀನು ಹಿಡಿಯುವವರೇ ಹುಟ್ಟು ಹಾಕಬೇಕು. ಎಲ್ಲರಿಗೂ ಜಾಕೆಟ್ ಇರಬೇಕು, ಮಕ್ಕಳಿಗೆ ಮಕ್ಕಳ ಅಳತೆಯದು. ಗಾಳಿ ಎದ್ದಾಗ ಬೇಡ. ಕೃಷ್ಣಾ ನದಿಯಲ್ಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ಅಲ್ಲಿ ಮೊಸಳೆಗಳಿವೆ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ, ಹೊಳೆ ನಡುವಿನ ನೀಲಕಂಠರಾಯನಗಡ್ಡಿಯಂಥ ಊರಿಗೇ ದಾರಿ ಇಲ್ಲದಂತಾದದ್ದೂ ಇದೆ. 'ಹಕ್ಕಿಯ ಹತ್ತಿರಕ್ಕೇ ಒಯ್ಯುತ್ತೇವೆ' ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ತಿರುಗಿ ಬನ್ನಿ. ಪಕ್ಷಿಧಾಮದೊಳಗೆ ಹಕ್ಕಿಗಳನ್ನು ಕೆಣಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಹಕ್ಕಿ ನೋಡಲು ನೀರಿಗೇ ಇಳಿಯಬೇಕು ಅಂತೇನಿಲ್ಲ ಅಲ್ವಾ? ಫೆಬ್ರವರಿಯಲ್ಲಿ ಹುಡುಗನನ್ನು ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದೆ. ಸುರಪುರದ ನಾಯಕರ ಕಾಲದ ಕೆರೆ ಅದು. ನೀರಿನ ಹತ್ತಿರ ಹೋಗಲು ಅವನು ಮೊದಲು ಹಿಂಜರಿದ. ಏರಿಯ ಮೇಲೆ ಕೂತು ದುರ್ಬೀನು ಅವನ ಕೈಗೆ ಕೊಟ್ಟೆ. ಒಂದು ತಾಸು ಇಬ್ಬರೂ ಮಾತಾಡಲಿಲ್ಲ. ಹೆಬ್ಬಾತುಗಳು ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿಕೊಂಡು ಮಲಗಿದ್ದವು.